ಮುಕ್ಕುಂದದ ಕ್ಯಾಬಿನೆಟ್ಟಿಗೆ ನನ್ನ ರಾಜೀನಾಮೆ

ತಾತಾ,

ನೀನು ಹೋದ ಮೇಲೆ ಮುಕ್ಕುಂದದ ನಮ್ಮ ಮನೆಯ ಕ್ಯಾಬಿನೆಟ್ ಮೊದಲ ಸಲ ಸೇರಿತ್ತು. ಅದೇ ಪಡಸಾಲೆ, ಅದೇ ಜಮಖಾನ. ನಿನ್ನ ಜಾಗದಲ್ಲಿ ದೊಡ್ಡಪ್ಪ ಕೂತಿದ್ದ. ಚರ್ಚೆಯ ವಿಷಯ ನಾನು.

ದೇಶ ಗಣರಾಜ್ಯವಾದ ಹೊಸದರಲ್ಲಿ ನೀನು ಸಿಂಧನೂರಿನ ಚಹಾದಂಗಡಿಯ ಮುಂದೆ ನಿಂತು ರೇಡಿಯೊದಲ್ಲಿ ಉರ್ದು ಸುದ್ದಿ ಕೇಳುತ್ತಿದ್ದೆಯಂತೆ. ಎಷ್ಟು ಸಲ ಹೇಳಿದ್ದೀ ನನಗೆ! "ಒಬ್ಬರಿಗೊಬ್ಬರು ಆಗದ ಮಂತ್ರಿಗಳೂ ಒಂದಾ ಮೇಜಿಗೆ ಕುಂತು ದೇಶ ನಡೆಸ್ತಿದ್ರವ್ವಾ. ಒಳಗ ಎಷ್ಟರ ಬಡಿದಾಡಲಿ, ಹೊರಗ ಬಂದ ಮ್ಯಾಲ ಎಲ್ಲರದೂ ಒಂದಾ ಮಾತು. ಆಗದಿದ್ರ ಕುರ್ಚಿ ಬಿಟ್ಟು ಏಳೋದು."

ಆ ಪದ್ಧತಿಯನ್ನೇ ಮನೆಗೆ ತಂದೆ. ಅಮಾವಾಸ್ಯೆ ಬಂತೆಂದರೆ ಎತ್ತಿಗೆ ಬಿಡುವು, ನಮಗೆ ಸಭೆ. ಹೆಂಗಸರೂ ಕೂಡಬೇಕೆಂದು ಹಟ ಹಿಡಿದವನು ನೀನೇ. "ಅನ್ನದ ಮಂತ್ರಿ ಎದ್ದು ಹೋದ್ರ ಸರ್ಕಾರ ಉಪವಾಸ ಬೀಳ್ತದ ನೋಡ್ರಿ ಮಾವಾ," ಎಂದು ಅಮ್ಮ ಅಂದರೆ ನೀನು ಕೆಮ್ಮು ಬರುವವರೆಗೆ ನಗುತ್ತಿದ್ದೆ.

ನನಗೆ ಲಿಂಗಸುಗೂರಿನ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ಕೆಲಸ ಸಿಕ್ಕಿದೆ. ಒಂಟಿ ಹುಡುಗಿ, ಬಾಡಿಗೆ ರೂಮು, ಬೇಡವೇ ಬೇಡ ಎಂದು ಸಭೆ ತೀರ್ಮಾನಿಸಿತು. "ಕಾಲೇಜಿನವರಿಗೆ ನೀನಾ ಹೇಳು, ನನಗಾ ಮನಸ್ಸಿಲ್ಲ ಅಂತ," ಎಂದ ದೊಡ್ಡಪ್ಪ. "ಹೊರಗ ಒಂದಾ ಮಾತು."

ನಾನು ಎಂಥವಳೆಂದು ನಿನಗೆ ಗೊತ್ತು. ಬಂದವರ ಮುಂದೆ ಚಹಾ ಇಟ್ಟು ಬಾಗಿಲ ಹಿಂದೆ ಸರಿಯುವವಳು. ಅವತ್ತು ಎದ್ದು ನಿಂತೆ. "ನಾ ರಾಜೀನಾಮೆ ಕೊಡ್ತೀನಿ ದೊಡ್ಡಪ್ಪಾ."

"ಏನಬೇ, ಯಾವ ಖಾತೆ ಮಂತ್ರಿ ನೀ?" ಎಂದು ನಕ್ಕ. ನಾನು ಕೂಡಲಿಲ್ಲ. ಆಗ ಗದರಿದ: "ನಿಮ್ಮ ತಾತಗಿಂತ ದೊಡ್ಡಾಕಿ ಏನು? ನಿಮ್ಮ ಶಾಂತತ್ತಿ ಸಾಲಿ ಬಿಡಸೂಣು ಅಂತ ನಾವೆಲ್ಲ ಅಂದಾಗ ಅಂವ ಒಬ್ಬನಾ ಬ್ಯಾಡ ಅಂದ. ಆದ್ರೂ ಹೊರಗ ಬಂದು, ನಾನಾ ಬಿಡಿಸೀನಿ ಅಂತ ಮಗಳಿಗೆ ಹೇಳಿದ. ಸಾಯೂತನಕ ಬಾಯಿ ಬಿಡಲಿಲ್ಲ!"

ಹಬ್ಬಕ್ಕೆ ಬಂದರೂ ಅತ್ತೆ ನಿನ್ನೊಡನೆ ಮಾತಾಡದೆ ಹೊರಟುಬಿಡುತ್ತಿದ್ದಳಲ್ಲ. ನೀನು ಗದ್ದೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದೆ. ಇಷ್ಟು ವರ್ಷ ಅವಳು ನಿನ್ನನ್ನು... ನೀನೂ ಅದನ್ನು...

ಕುರ್ಚಿ ಬಿಟ್ಟು ಏಳುವುದನ್ನು ಹೇಳಿಕೊಟ್ಟವನೇ ನೀನು. ನೀನೇಕೆ ಏಳಲಿಲ್ಲ ತಾತಾ? ನೀನೆದ್ದರೆ ಮನೆ ಒಡೆಯುತ್ತದೆಂದು ಹೆದರಿದೆಯಾ? ಅಥವಾ ಮಗಳ ಸಾಲಿಗಿಂತ ಆ ಒಂದು ಮಾತೇ ದೊಡ್ಡದಾಯಿತಾ?

ಮರುದಿನವೇ ಮಸ್ಕಿಗೆ ಹೋಗಿ ಅತ್ತೆಗೆ ಎಲ್ಲ ಹೇಳಿದೆ. ಯಾರದೋ ಕುಪ್ಪಸ ಹೊಲಿಯುತ್ತಿದ್ದವಳು ಮಷಿನ್ ನಿಲ್ಲಿಸಲಿಲ್ಲ. ತೋಳು ಮುಗಿಸಿ, ದಾರ ಕಚ್ಚಿ ಹರಿದು ಅಂದಳು: "ನನಗ ಒಬ್ಬಾಕಿಗೆ ಕಿವ್ಯಾಗ ಹೇಳಿದ್ರ ಸರ್ಕಾರ ಬೀಳ್ತಿತ್ತೇನು?" ಆಮೇಲೆ ಬಹಳ ಹೊತ್ತು ಅತ್ತಳು.

ನಾಳೆ ನಾನು ಲಿಂಗಸುಗೂರಿಗೆ ಹೊರಟಿದ್ದೇನೆ. ದೊಡ್ಡಪ್ಪ ಇನ್ನೂ ಮಾತಾಡಿಲ್ಲ. ಆದರೆ ಅಮ್ಮ ಬುತ್ತಿ ಕಟ್ಟುತ್ತಿರುವುದನ್ನು ಕಂಡೂ ತಡೆದಿಲ್ಲ. ಅತ್ತೆ ಮಸ್ಕಿಯಲ್ಲಿ ಅದೇ ಬಸ್ಸು ಹತ್ತುತ್ತಾಳೆ. ರೂಮು ನೋಡಿ, ಎರಡು ದಿನ ಜೊತೆಗಿದ್ದು ಬರುತ್ತಾಳಂತೆ.

ತಾತನ ಮೇಲಿನ ಸಿಟ್ಟು ಹೋಯಿತಾ ಅಂತ ಅವಳನ್ನು ಕೇಳಿದೆ. ನಿನಗೆ ಸುಳ್ಳು ಬರೆಯಲಾರೆ.

"ಇಲ್ಲ," ಅಂದಳು. "ಇಷ್ಟು ದಿನ ಸಾಲಿ ಬಿಡಿಸಿದ್ದಕ್ಕ ಇತ್ತು. ಈಗ ಅಪ್ಪ ಒಬ್ಬನಾ ಅದನ್ನ ಹೊತ್ಕೊಂಡು ಹೋಗ್ಯಾನಲ್ಲ, ಅದಕ್ಕೈತಿ."