ಹೇಳಿ ಮಾಡಿಸಿದ ಕೆಂಪು

ಮಾಡೂರು ಧಾರವಾಡ,
ಫೆಬ್ರವರಿ ಮೂವತ್ತು, 2231.

ಎರಡು ಶತಮಾನ ಹಿಂದೆ ಇರುವವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಫೆಬ್ರವರಿ ಉದ್ದ. ನನ್ನ ಕೆಲವು ಮಾತುಗಳೂ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮೆಯಿರಲಿ. ಮಾಡೂರು ಎಂದರೆ ಬಿಸಿಲು ತಾಳಲಾರದೆ ಊರಿಗೆ ಊರೇ ಒಂದು ಮಾಡಿನ ಕೆಳಗೆ ಸೇರಿಕೊಂಡದ್ದು. ಇಲ್ಲಿಯ ಬೀದಿಗಳಲ್ಲಿ ಬೆಳೆಯುವುದು ನಿಲ್ಲೆಲೆ ಮರ: ಎಲೆ ಉದುರಿಸದ, ಹೂ ಬಿಡದ, ಗುಡಿಸುವವರಿಗೆ ಕೆಲಸ ಕೊಡದ ತಳಿ. ನನ್ನ ಹೆಸರು ನಾಗಲಾಂಬಿಕೆ ಹೂಲಿ. ನಲವತ್ತು ದಾಟಿದ ನಾನು ಕಳೆದ ವಾರದ ತನಕ ಎಲೆಯೊಂದು ತಾನಾಗಿ ಬೀಳುವುದನ್ನು ಕಂಡಿರಲಿಲ್ಲ. ಈಗಲೂ ಕಂಡಿಲ್ಲ ಎನ್ನಬೇಕು.

ಹಂಬಲ ನನ್ನ ಅತ್ತೆ ಸಾವಂತ್ರವ್ವನವರದು. ಅವರ ಎದೆಗೂಡು ಸೋತಿದೆ. ಮಾಡಿನಾಚೆ ಇನ್ನೊಂದೇ ಸಲ ಹೋಗಬಹುದು ಎಂದು ವೈದ್ಯರು ಹೇಳಿದರು. ಎಲ್ಲಿಗೆ ಹೋಗೋಣ ಎಂದು ಕೇಳಿದ್ದಕ್ಕೆ, "ಪಡುವಣ ಅಡವ್ಯಾಗ ಎಲಿ ಕೆಂಪಾಗಿ ಉದರತಾವಂತ. ಅದರಾಗ ಒಂದೀಟು ಅಡ್ಡಾಡಬೇಕವಾ" ಎಂದರು. ನಾನೂ ನನ್ನ ಗಂಡ ಸಂಗಣ್ಣನೂ ಆ ಪ್ರವಾಸವನ್ನು ಮದುವೆಯಂತೆ ಯೋಜಿಸಿದೆವು. ಉಸಿರುಚೀಲ, ಅಂದರೆ ಬೆನ್ನಿಗೆ ಕಟ್ಟುವ ಗಾಳಿಯ ಗಂಟು, ಯಾವ ಗಾತ್ರದ್ದು ಸಾಕೆಂದು ಜಗಳವಾಯಿತು. ಅಡವಿಯಲ್ಲಿ ಬಾಡಿಗೆಗೆ ಹಿಡಿದ ಕ್ಯಾಬಿನ್ನಿನ ಕಿಟಕಿ ಮೂಡಣಕ್ಕಿರಬೇಕೋ ಪಡುವಣಕ್ಕೋ ಎಂದು ಇನ್ನೊಂದು ಜಗಳ. ಅತ್ತೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದರು. ಎಲೆ ಯಾವಾಗ ಬಣ್ಣ ತಿರುಗುವುದೋ ಈಗ ಯಾರೂ ಹೇಳಲಾರರು. ಆದರೂ ಕ್ಯಾಬಿನ್ನಿನವರು "ನೀವು ಬಂದ ದಿನವೇ ಬಣ್ಣ" ಎಂದು ಮಾತು ಕೊಟ್ಟಿದ್ದರು. ಆಗಲೇ ಅನುಮಾನ ಬರಬೇಕಿತ್ತು.

ಹೋದೆವು. ಕ್ಯಾಬಿನ್ನಿನ ಬಾಗಿಲು ತೆರೆದರೆ ಕಣಿವೆಗೆ ಕಣಿವೆಯೇ ಕುಂಕುಮ, ಅರಿಸಿನ. ಅತ್ತೆ ಕೈಮುಗಿದು ನಿಂತುಬಿಟ್ಟರು. ಆಮೇಲೆ ಬರಿಗಾಲಲ್ಲಿ ಇಳಿದು ಒಂದು ಎಲೆ ಎತ್ತಿಕೊಂಡು ಮೂಸಿದರು. ಮುಖ ಕಿವುಚಿದರು.

"ಇದೇನ ನಾಗೀ, ದವಾಖಾನಿ ವಾಸನಿ ಹೊಡೀತೈತಿ?"

ನಾನು ಎಲೆ ಮುಟ್ಟಿದೆ. ಅಂಗೈಗೆ ಕೆಂಪು ಅಂಟು ಹತ್ತಿ, ಕೀವಿನಂತೆ ಎಳೆ ಎಳೆಯಾಗಿ ಜಗ್ಗಿತು. ಮರದ ಹಿಂಬದಿಗೆ, ದಾರಿಯಿಂದ ಕಾಣದಂತೆ, ಕಾಂಡಕ್ಕೆ ಸೂಜಿ ಚುಚ್ಚಿ ನಳಿಕೆ ಇಳಿಬಿಟ್ಟಿದ್ದರು. ಪ್ರತಿ ಮರಕ್ಕೂ. ಸೂಜಿಯ ಸುತ್ತ ತೊಗಟೆ ಕೊಳೆತು ಹಳದಿ ನೊರೆ ಸುರಿಯುತ್ತಿತ್ತು. ಅದರಲ್ಲಿ ಇರುವೆಗಳು ಸತ್ತು ಹೆಪ್ಪುಗಟ್ಟಿದ್ದವು. ನಾನು ಅಂಗೈಯನ್ನು ಮಣ್ಣಿಗೆ ತಿಕ್ಕಿದೆ.

ಕ್ಯಾಬಿನ್ನುಗಳನ್ನು ನೋಡಿಕೊಳ್ಳುವ ಸುಲಭಾ ಓಡಿಬಂದಳು. "ಮುಟ್ಟಬ್ಯಾಡ್ರಿ, ಅದು ಬಣ್ಣಮದ್ದು. ಹಾಕದಿದ್ರ ಎಲಿ ಯಾವಾಗರ ಕೆಂಪ ಆಗತಾವ. ಅಲ್ಲೀತನಕ ನೀವು ಕಾಯ್ತೀರೇನು?"

"ಮದ್ದು ಹಾಕಿದ ಮರ ಏನಾಗತಾವ?" ಎಂದೆ.

"ಒಂದ ಸೀಸನ್ ತಾಳತಾವ್ರಿ. ಆಮ್ಯಾಲೆ ಹಿಂದಿನ ಕಣಿವ್ಯಾಗ ಒಗೀತೀವಿ, ಹೊಸಾವು ತಂದು ನೆಡತೀವಿ." ಕಸ ಎಸೆಯುವ ಮಾತಿನಷ್ಟೇ ಹಗುರವಾಗಿ ಹೇಳಿದಳು.

ಅತ್ತೆ ಹತ್ತಿರದ ಸೂಜಿ ಹಿಡಿದು ಕಿತ್ತರು. ಉಬ್ಬಸ ಬರುತ್ತಿದ್ದರೂ ಇನ್ನೊಂದು ಮರಕ್ಕೆ ಹೋದರು. ನಾನೂ ಕೈಹಾಕಿದೆ. ಅಕ್ಕಪಕ್ಕದ ಕ್ಯಾಬಿನ್ನಿನವರು ಹೊರಬಂದು ಕೂಗಾಡಿದ್ದು ಮರಗಳಿಗಾಗಿ ಅಲ್ಲ. "ನಮ್ಮ ರಜಾ ಯಾಕ ಹಾಳ ಮಾಡ್ತೀರಿ? ನಾಳಿತನಕ ಕೆಂಪ ಇರಲಿ!" ಎಂದು ಒಬ್ಬ ಚೀರಿದ; ಅವನ ಹೆಂಡತಿ ಆ ಅಂಟೆಲೆಗಳನ್ನು ಮುಡಿದುಕೊಂಡಿದ್ದಳು. ನನ್ನ ಗಂಡ ಚಿತ್ರ ತೆಗೆಯುತ್ತಿದ್ದ. "ಆದ್ರೂ ಬಣ್ಣ ಚಲೋ ಬಂದೈತಿ" ಎಂದ. ಆ ಅಸಹ್ಯ ಇನ್ನೂ ನಮ್ಮಿಬ್ಬರ ನಡುವೆ ಕೂತಿದೆ.

ಸಂಜೆಯೊಳಗೆ ನಮ್ಮನ್ನು ಹೊರಹಾಕಿದರು. ದಾರಿಯಲ್ಲಿ ಅತ್ತೆ ಕೈ ತೊಳೆದದ್ದೇ ತೊಳೆದದ್ದು, ಕುಡಿಯುವ ನೀರು ಮುಗಿಯುವ ತನಕ. ಈಗ ಅವರು ಹಾಸಿಗೆ ಹಿಡಿದಿದ್ದಾರೆ. ಅವರು ಕಂಡ ಒಂದೇ ಕಾಡು ಅದು. ಬೇರೆಯದನ್ನು ತೋರಿಸಲು ನನ್ನಿಂದಾಗದು.

ನಿಮ್ಮ ಮೇಲೂ ನನಗೆ ಹೇಸಿಗೆಯಿದೆ, ಮುಚ್ಚಿಡುವುದಿಲ್ಲ. ರಜೆಗೆ ಬಂದ ಯಾರೋ ಒಬ್ಬರು ಎಲೆ ಇನ್ನೂ ಹಸಿರಿದೆಯಲ್ಲ ಎಂದು ಮುಖ ಸಿಂಡರಿಸಿದಾಗಲೇ ಈ ಕೊಳಕು ಶುರುವಾಗಿರಬೇಕು. ಆ ಒಬ್ಬರು ನೀವಾಗಬೇಡಿ. ಕ್ಯಾಬಿನ್ ಹಿಡಿಯಿರಿ, ಸ್ವೆಟರ್ ಕಟ್ಟಿಕೊಳ್ಳಿ, ಹೋಗಿ. ಹಸಿರಿದ್ದರೆ ಹಸಿರನ್ನೇ ನೋಡಿ, ಬಾಯಿ ಮುಚ್ಚಿಕೊಂಡು ಮನೆಗೆ ಬನ್ನಿ.

ನಾಗಲಾಂಬಿಕೆ