ಖಾಲಿ ಚೌಕಟ್ಟುಗಳ ಗೋಡೆ

ಮನೆಯಿಂದ,
ತಾರೀಖು ಹದಿನಾಲ್ಕು, ಭಾನುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಕಣ್ಣುರಿ ಕಡಿಮೆಯಾಯಿತೇ? ವೆಲ್ಡಿಂಗ್ ಮಾಡುವಾಗ ಮುಖಕ್ಕೆ ಹಿಡಿಯುವ ಗಾಜು ಬಿರುಕು ಬಿಟ್ಟಿದೆ ಎಂದಿದ್ದೆಯಲ್ಲ, ಬದಲಾಯಿಸಿ ಕೊಟ್ಟರೋ ಇಲ್ಲವೋ ಎಂದು ಅವತ್ತಿನಿಂದ ನನಗೆ ನಿದ್ದೆ ಸರಿಯಿಲ್ಲ. ಕೊಡದಿದ್ದರೆ ಜಗಳವಾಡಿ ತಗೋ. ಬೇಡ ಬೇಡ, ಹೊಸ ಜಾಗ, ಮೆಲ್ಲಗೆ ಕೇಳು. ಅಮ್ಮ ಚೆನ್ನಾಗಿದ್ದಾಳೆ, ಮಂಡಿನೋವೂ ಅವಳ ಜೊತೆಗೇ ಚೆನ್ನಾಗಿದೆ. ಫೋನ್ ಬಿಟ್ಟು ಅಪ್ಪ ಕಾಗದ ಯಾಕೆ ಬರೆದ ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನನ್ನ ಮಾತು ಗಂಟಲಲ್ಲೇ ಉಳಿಯುತ್ತದೆ.

ನಾನು ಕಾವಲಿರುವ, ಮೊದಲು ನೀರಿನ ಬಿಲ್ಲು ಕಟ್ಟಿಸಿಕೊಳ್ಳುತ್ತಿದ್ದ ಹಳೆಯ ಕಟ್ಟಡದಲ್ಲಿ ನಗರಸಭೆಯವರು ಕೆಲಸ ಕಲಿಸುವ, ಕೆಲಸ ಕೊಡಿಸುವ ಹೊಸ ಕಚೇರಿ ಮಾಡುತ್ತಿದ್ದಾರಲ್ಲ, ಅದಕ್ಕೆ ಮುಖ್ಯಸ್ಥರಾಗಿ ಬಂದವರು ಯಾರು ಗೊತ್ತೇ? ನೀನೇ ಹೆಸರಿಟ್ಟ 'ನೋಡೋಣ ಸಾಹೇಬರು'. ಹಳೇ ಉದ್ಯೋಗ ಕಚೇರಿಯ ಕಿಟಕಿಯಲ್ಲಿ, ನೀನು ಕೆಲಸ ಕೇಳಲು ಹೋದಾಗಲೆಲ್ಲ "ಆಯ್ತಮ್ಮ, ನೋಡೋಣ" ಎನ್ನುತ್ತಿದ್ದವರು. ಕೊನೆಯ ಸಲ ಅಂದಿದ್ದು ನೀನು ಮರೆತಿರಲಾರೆ, ನಾನೂ ಮರೆತಿಲ್ಲ. "ಹೆಣ್ಮಕ್ಕಳು ಕಬ್ಬಿಣ ಸುಡ್ತೀನಿ ಅಂದ್ರೆ ಯಾರಮ್ಮ ತಗೋತಾರೆ? ಸುಡೋಕೆ ಮನೇಲಿ ಒಲೆ ಇಲ್ವಾ?" ಸಾಲಿನಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ಗ್ರಿಲ್ ಅಂಗಡಿಯಲ್ಲಿ ಕೈ ಸುಟ್ಟುಕೊಂಡು ವಿದ್ಯೆ ಕಲಿತವಳು ನೀನು, ಗೆಳತಿಯ ಅಣ್ಣನನ್ನು ಹಿಡಿದು ಅಷ್ಟು ದೂರ ಹಡಗು ಕಟ್ಟುವಲ್ಲಿಗೆ ಹೋದವಳೂ ನೀನೇ. ಯಾವ ಕಚೇರಿಯ ಹಂಗೂ ಇರಲಿಲ್ಲ.

ಕಚೇರಿಯ ಚಂದ ಏನು ಹೇಳಲಿ. ಕುರ್ಚಿಗಳ ಪ್ಲಾಸ್ಟಿಕ್ಕನ್ನು ಉದ್ಘಾಟನೆಯವರೆಗೆ ತೆಗೆಯಬಾರದಂತೆ, ಕೂತೆದ್ದರೆ ಚರ್ ಎನ್ನುತ್ತದೆ. ಕಲಿಸುವ ಯಂತ್ರಗಳು ಪೆಟ್ಟಿಗೆಯಲ್ಲೇ ಇವೆ, ಅವನ್ನು ಓಡಿಸುವಷ್ಟು ಕರೆಂಟು ಆ ಕಟ್ಟಡಕ್ಕಿಲ್ಲ, ಅದು ಯಾರ ತಲೆಗೂ ಹೊಳೆದಿರಲಿಲ್ಲ. ಎಲ್ಲಕ್ಕಿಂತ ಮೊದಲು ತಯಾರಾಗಿದ್ದು ಒಂದು ಗೋಡೆ. ಮೇಲೆ ದಪ್ಪ ಅಕ್ಷರದಲ್ಲಿ 'ಇವರಿಗೆ ಕೆಲಸ ಸಿಕ್ಕಿತು' ಎಂದು ಬರೆದು, ಕೆಳಗೆ ಖಾಲಿ ಚೌಕಟ್ಟುಗಳನ್ನು ಸಾಲಾಗಿ ಹೊಡೆಸಿದರು. ಬಡಗಿ ಮೊಳೆ ಹೊಡೆಯುತ್ತಾ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರೆ, ಇಲ್ಲಿ ಮದುವೆಗೂ ಮುಂಚೆ ಹೊಲಿಸಿದಾರಲ್ಲ ಮಾವ" ಅಂದ. ನಾನೂ ನಕ್ಕೆ. ಆ ಕುಲಾವಿ ಯಾರ ತಲೆಗೆ ಎಂದು ಆಗ ಗೊತ್ತಿರಲಿಲ್ಲ.

ಉದ್ಘಾಟನೆಗೆ ದೊಡ್ಡವರು ಬರುತ್ತಾರೆ, ಖಾಲಿ ಗೋಡೆ ನೋಡಿ ಸಾಹೇಬರಿಗೆ ಗಾಬರಿಯಾಯಿತು. ಕೆಲಸದಲ್ಲಿರುವ ನಿಮ್ಮ ಕಡೆಯವರ ಫೋಟೋ ತನ್ನಿ ಎಂದು ನಮಗೆಲ್ಲ ಹೇಳಿದರು. ಟೈಪಿಸ್ಟಮ್ಮ ತನ್ನ ನಾದಿನಿಯದ್ದು ತಂದಳು, ಆ ನಾದಿನಿ ಕೆಲಸಕ್ಕೆ ಸೇರಿ ಎಷ್ಟೋ ವರ್ಷವಾಗಿದೆ. ಆಮೇಲೆ ಸಾಹೇಬರು ನನ್ನ ಸ್ಟೂಲಿನ ಹತ್ತಿರ ತಾವಾಗಿಯೇ ಬಂದರು. "ಏನಜ್ಜಾ, ನಿನ್ನ ಮಗಳು ಹಡಗು ಕಟ್ತಾಳಂತೆ?" ನನ್ನ ಎದೆ ಉಬ್ಬಿತಮ್ಮಾ, ಸುಳ್ಳು ಯಾಕೆ ಹೇಳಲಿ. ಹೆಲ್ಮೆಟ್ ಹಾಕಿಕೊಂಡ ನಿನ್ನ ಫೋಟೋ ಜೇಬಿನಿಂದ ತೆಗೆದು ತೋರಿಸಿದೆ. ದೊಡ್ಡದು ಮಾಡಿಸಿಕೊಡುತ್ತೇನೆ ಎಂದು ತೆಗೆದುಕೊಂಡು ಹೋದರು. ಅವರಿಗೆ ಬುದ್ಧಿ ಬಂತು ಎಂದು ಮನೆಗೆ ಬಂದು ನಿನ್ನ ಅಮ್ಮನೆದುರು ಜಂಬ ಕೊಚ್ಚಿದೆ.

ಶುಕ್ರವಾರ ನೀನು ಗೋಡೆಯ ಮೇಲಿದ್ದೆ. ಕೆಳಗಿನದನ್ನು ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. 'ನಮ್ಮ ಕಚೇರಿಯ ಮೂಲಕ ಕೆಲಸ ಪಡೆದ ಮೊದಲ ಮಹಿಳೆ.' ತಪ್ಪು ಓದಿದೆನೇನೋ ಎಂದು ಮತ್ತೆ ಓದಿದೆ. ಸಾಹೇಬರನ್ನು ಕೇಳಿದ್ದಕ್ಕೆ, "ನಿನ್ನ ಮಗಳಿಗೆ ಮರ್ಯಾದೆ ತಾನೇ ಅಜ್ಜಾ, ಇದರಲ್ಲಿ ಯಾರಿಗೇನು ನಷ್ಟ?" ಅಂದರು. ನಾನು ಸ್ಟೂಲಿಗೆ ವಾಪಸ್ಸಾದೆ. ನಿನ್ನ ಅಮ್ಮ ಕೇಳಿದವಳೇ ಕೆಂಡವಾದಳು. "ಅವತ್ತು ಬಾಗಿಲಿಂದ ಆಚೆಗಟ್ಟಿದೋರು ಇವತ್ತು ಗೋಡೆಗೆ ನೇತುಹಾಕಿದಾರೆ. ಹೋಗಿ ಕಿತ್ಕೊಂಡು ಬನ್ನಿ" ಅಂದಳು. ಬೀಗದ ಕೈ ನನ್ನ ಸೊಂಟದಲ್ಲೇ ಇದೆ. ಕಿತ್ತು ತರಲಿಲ್ಲ.

ನಿನ್ನೆ ಒಬ್ಬ ಹುಡುಗಿ ಬಂದಿದ್ದಳು, ನಿನ್ನಷ್ಟೇ ವಯಸ್ಸು, ಚಪ್ಪಲಿಗೆ ಪಿನ್ನು ಚುಚ್ಚಿಕೊಂಡಿದ್ದಳು. ಗಾಜಿನ ಬಾಗಿಲಿನಿಂದ ನಿನ್ನ ಫೋಟೋ ನೋಡಿ, "ಅಜ್ಜಾ, ಇವರಿಗೆ ನಿಜವಾಗ್ಲೂ ಇಲ್ಲೇ ಕೆಲಸ ಕೊಡಿಸಿದ್ರಾ?" ಎಂದು ಕೇಳಿದಳು. ನಾನು ತಲೆಯಾಡಿಸಿದೆ. ನಗುನಗುತ್ತಾ ಹೋದಳಮ್ಮಾ. ಯಾರಿಗೇನು ನಷ್ಟ ಎಂದು ಸಾಹೇಬರು ಕೇಳಿದ್ದಕ್ಕೆ ಉತ್ತರ ಆಗ ಸಿಕ್ಕಿತು, ಆದರೆ ಅವರ ಹತ್ತಿರ ಹೋಗಿ ಹೇಳುವ ಎದೆ ನನಗಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎತ್ತರದಲ್ಲಿ ಕೆಲಸ ಮಾಡುವಾಗ ಬೆಲ್ಟು ಬಿಗಿದಿದೆಯೇ ಎಂದು ಕೈಯಿಂದ ಎಳೆದು ನೋಡಿಕೋ. ನಿನ್ನ ರೂಮಿನ ಹುಡುಗಿಯನ್ನೂ ಕೇಳಿದೆ ಎಂದು ಹೇಳು. ದೇವರು ನಿನ್ನ ಕಣ್ಣು ಕಾಯಲಿ.

ನಿನ್ನ ಒಳಿತನ್ನೇ ಬಯಸುವ,
ಅಪ್ಪ

ಮರೆತ ವಿಷಯ: ಮರೆತು ಕೆಳಗೆ ಬರೆಯುತ್ತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಗೋಡೆಯ ಮೇಲಿರುವವರಿಗೆಲ್ಲ ಮುಂದಿನ ವಾರ ಮೇಲಿನ ಕಚೇರಿಯವರು ಫೋನ್ ಮಾಡಿ ನಿಜವೇ ಎಂದು ವಿಚಾರಿಸುತ್ತಾರಂತೆ. ನಿನ್ನ ನಂಬರು ನಾನೇ ಕೊಟ್ಟೆ. ನನ್ನ ಕೆಲಸದ ಅವಧಿ ಈ ತಿಂಗಳಿಗೆ ಮುಗಿಯುತ್ತದೆ. ಮುಂದುವರಿಸಲು ಸಾಹೇಬರ ಸಹಿ ಬೇಕು, ಕೇಳಿದರೆ "ಆ ಫೋನೆಲ್ಲ ಮುಗೀಲಿ ಅಜ್ಜಾ" ಅಂದರು. ಈ ವಯಸ್ಸಿನಲ್ಲಿ ನನಗೆ ಬೇರೆ ಯಾರು ಸ್ಟೂಲು ಹಾಕಿ ಕೂರಿಸುತ್ತಾರೆ? ಹೌದು ಎನ್ನಲು ನಿನಗೆ ನಾಲಿಗೆ ಹೊರಳದಿದ್ದರೆ ಫೋನ್ ಎತ್ತಲೇಬೇಡ. ಇಲ್ಲ ಅಂತ ಮಾತ್ರ ಅನ್ನಬೇಡ ಕಂದಾ.