ಮೆಲಾನಿಯ ಸಾವಿನ ಕರಡು

ಪ್ಯಾರಿಸ್, ಮಂಗಳವಾರ
14 ಅಕ್ಟೋಬರ್ 1884

ಪ್ರೀತಿಯ ಮಗಳು ಬ್ಲಾಂಡೀನಳಿಗೆ,

ಮೆಲಾನಿ ಸಾಯದೆ ಇನ್ನೇನು ಮಾಡುತ್ತಾಳೆ ಅಪ್ಪ, ಅಂಥವಳಿಗೆ ಬೇರೆ ದಾರಿ ಎಲ್ಲಿದೆ ಎಂದು ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ಹುಡುಕುವುದರಲ್ಲೇ ಮೂರು ವಾರ ಕಳೆದುಹೋಯಿತು. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಕೈನೋವಿರಲಿಲ್ಲ, ಶಾಯಿಯೂ ಇತ್ತು, ಧೈರ್ಯವೊಂದು ಸಾಲದಾಗಿತ್ತು. ನಾನು ಚೆನ್ನಾಗಿದ್ದೇನೆ. ಕೆಳಗೆ ಬಾಗಿಲು ಕಾಯುವ ಮದಾಂ ಗ್ರಿವೆಲ್ ದಿನವೂ ಸೂಪು ತಂದಿಡುತ್ತಾಳೆ, ಉಪ್ಪು ಮಾತ್ರ ಮರೆಯುತ್ತಾಳೆ. ನಿಮ್ಮ ಊರು ರುವಾಂನಲ್ಲಿ ಚಳಿ ಶುರುವಾಯಿತೇ? ನಮ್ಮ ಅಳಿಯ ಗಾಸ್ತೋಂನ ಕೆಮ್ಮು ಹೇಗಿದೆ?

ನಮ್ಮ ಪತ್ರಿಕೆಯ ಅಡಿಪುಟದಲ್ಲಿ ಕಂತುಕಂತಾಗಿ ಬರುವ ಮೆಲಾನಿಯ ಕಥೆಯನ್ನು ನಿಮ್ಮ ಬೀದಿಯೆಲ್ಲ ಓದುತ್ತಿದೆ, ನಿನ್ನ ಅತ್ತೆ ಕರ್ಚೀಫು ಹಿಡಿದೇ ಕೂರುತ್ತಾರೆ ಎಂದು ನೀನು ಬರೆದಿದ್ದೆ. ಮೂವತ್ತೊಂದು ವರ್ಷದಿಂದ ಆ ಅಡಿಪುಟದ ಅಚ್ಚಿನ ಕರಡು ತಿದ್ದುತ್ತಿರುವವನು ನಾನು. ಶನಿವಾರ ಕೊನೆಯ ಕಂತು. ಮೆಲಾನಿ ಸಾಯುತ್ತಾಳೆ. ಅದು ನಿನ್ನ ಕೈಗೆ ಸಿಗುವ ಮೊದಲು ನನ್ನ ಬಾಯಿಂದಲೇ ನಿನಗೆ ತಿಳಿಯಬೇಕು. ಆ ಮೆಲಾನಿ ನಿನ್ನ ಅಮ್ಮ.

ಈಗ ಕಾಗದವನ್ನು ಕೆಳಗಿಟ್ಟಿರುತ್ತೀಯ. ಮತ್ತೆ ಎತ್ತಿಕೊ ಮಗಳೇ, ಇನ್ನೂ ಇದೆ.

ಈಗಿನ ಕಾದಂಬರಿಕಾರರು ಮನಸ್ಸಿಗೆ ತೋಚಿದ್ದನ್ನು ಬರೆಯುವುದಿಲ್ಲ. ನೋಟುಬುಕ್ಕು ಹಿಡಿದು ಬಟ್ಟೆ ಒಗೆಯುವವರ ಹತ್ತಿರ, ಆಸ್ಪತ್ರೆಯ ಆಯಾಗಳ ಹತ್ತಿರ ಹೋಗಿ ಕೂರುತ್ತಾರೆ. ಮೆಲಾನಿಯ ಕಥೆ ಬರೆಯುವ ಮಸ್ಯೂ ತೆವ್ನೋ ಈ ವಸಂತದಲ್ಲಿ ಹಾಗೆಯೇ ನನ್ನ ಮೆಟ್ಟಿಲು ಹತ್ತಿ ಬಂದ. ಸಿರಿವಂತರು ಇಟ್ಟುಕೊಂಡ ಹೆಣ್ಣೊಬ್ಬಳ ಮನೆಗೆ ಪ್ರಾಯದಲ್ಲಿ ನಾನು ಹೋಗಿಬರುತ್ತಿದ್ದೆ ಎಂದು ಪ್ರೆಸ್ಸಿನಲ್ಲಿ ಯಾರೋ ಹೇಳಿದ್ದರಂತೆ. ಪರದೆ ಯಾವ ಬಣ್ಣ, ಮೆಟ್ಟಿಲು ಎಷ್ಟು, ಎದ್ದ ತಕ್ಷಣ ಅವಳು ಏನು ಕುಡಿಯುತ್ತಿದ್ದಳು ಎಂದೆಲ್ಲ ಕೇಳಿದ. ನಿನ್ನ ಅಮ್ಮ ಹೋಗಿ ಎರಡು ವರ್ಷವಾಗಿತ್ತು. ಅವಳ ಬಗ್ಗೆ ಅಲ್ಲಿಯವರೆಗೆ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಅವಳನ್ನೇ ಮದುವೆಯಾದೆ ಎಂಬುದೊಂದು ಬಿಟ್ಟು ಎಲ್ಲವನ್ನೂ ಮೊದಲು ಹೇಳಿದೆ, ಆಮೇಲೆ ಅದನ್ನೂ ಹೇಳಿದೆ. ಹಳದಿ ರೇಷ್ಮೆ ಪರದೆ, ಒಲೆಯ ಮೇಲೆ ಕಿತ್ತಳೆ ಸಿಪ್ಪೆ ಸುಡುವ ಅಭ್ಯಾಸ, ಎಡಮೊಣಕೈ ಮೇಲಿನ ಗಾಯ. ನಿನಗೆ ನಾವು ಇಸ್ತ್ರಿಪೆಟ್ಟಿಗೆಯ ಗಾಯ ಎಂದಿದ್ದೆವು. ಅಲ್ಲ, ಕುಡಿದು ಬಂದವನೊಬ್ಬ ಕೂದಲು ಸುರುಳಿ ಮಾಡುವ ಕಬ್ಬಿಣದಿಂದ ಸುಟ್ಟದ್ದು.

ಆಗ ಅವಳನ್ನು ಇಟ್ಟುಕೊಂಡಿದ್ದ ಇಂಗ್ಲಿಷ್ ದೊರೆಯ ಕಥೆಯನ್ನೂ ಹೇಳಿದೆ. ಕಾಲೇಜಿನಲ್ಲಿ ಕಲಿತ ಇಂಗ್ಲಿಷು ಆಗಲೇ ನನಗೆ ಅರ್ಧ ಮರೆತಿತ್ತು, ಆದರೂ ನಿನ್ನ ಅಮ್ಮ ಅಪೊಲಿನ್ ಅವನ ಕಾಗದಗಳನ್ನು ಓದಲು ನನ್ನನ್ನು ಕರೆಸಿಕೊಳ್ಳುತ್ತಿದ್ದಳು. ಒಂದು ಕಾಗದದಲ್ಲಿ ನನಗೆ ಗುರುವಾರ ಮತ್ತು ರಾತ್ರಿಯೂಟ ಇಷ್ಟೇ ಅರ್ಥವಾಯಿತು. ಗುರುವಾರ ಊಟಕ್ಕೆ ಬರುತ್ತಾನಂತೆ ಎಂದುಬಿಟ್ಟೆ. ಅವಳು ಇಡೀ ಕೋಳಿ ಹುರಿಸಿ ಕಾದಳು. ಯಾರೂ ಬರಲಿಲ್ಲ. ಮರುದಿನ ನಿಘಂಟು ತೆಗೆದು ನೋಡಿದರೆ, ನನಗೆ ಮದುವೆ ಗೊತ್ತಾಗಿದೆ, ಇನ್ನು ಯಾವ ಗುರುವಾರವೂ ಊಟಕ್ಕೆ ಬರುವುದಿಲ್ಲ ಎಂದು ಬರೆದಿದ್ದ. ಓಡಿಹೋಗಿ ತಪ್ಪೊಪ್ಪಿಕೊಂಡೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಕೋಳಿ ಇನ್ನೂ ಹಂಗೇ ಇದೆ ಕಣ್ರೀ, ಕೂತ್ಕೊಳ್ಳಿ. ಕೊಡೋನಂತೂ ಹೋದ, ತಿನ್ನೋನಾದ್ರೂ ಒಬ್ಬ ಇರ್ಲಿ.”

ನಮ್ಮ ಸಂಸಾರ ಶುರುವಾದದ್ದು ಹಾಗೆ. ಆಮೇಲೆ ಅವಳು ಪರದೆಗಳನ್ನು ಬಿಚ್ಚಿ ಕೊಟ್ಟುಬಿಟ್ಟು ಕೈಗವಸು ಹೊಲಿಯುವುದನ್ನು ಕಲಿತದ್ದು, ನೀನು ಹುಟ್ಟಿದ್ದು, ಅವಳ ಮಂಡಿನೋವು ಎಲ್ಲವನ್ನೂ ಹೇಳುತ್ತಾ ಹೋದೆ. ಕೈಗವಸಿನ ಮಾತು ಬಂದಾಗಲೇ ತೆವ್ನೋ ನೋಟುಬುಕ್ಕು ಮುಚ್ಚಿದ್ದ. ಪಾಪ, ಕೈ ಸೋತಿರಬೇಕು ಎಂದುಕೊಂಡೆ.

ಹೋದ ಗುರುವಾರ ಕೊನೆಯ ಕಂತಿನ ಕರಡು ನನ್ನ ಮೇಜಿಗೆ ಬಂತು. ಧರ್ಮಾಸ್ಪತ್ರೆಯಲ್ಲಿ, ಬಾಗಿಲ ಪಕ್ಕದ ಮಂಚದಲ್ಲಿ, ಗೋಡೆಗೆ ಮುಖ ಮಾಡಿ ಮೆಲಾನಿ ಸಾಯುತ್ತಾಳೆ. ಒಲೆಯ ಮೇಲೆ ಯಾರೋ ಕಿತ್ತಳೆ ಸಿಪ್ಪೆ ಹಾಕುತ್ತಾರೆ. ಹೆಣ ತೊಳೆಯುವವಳಿಗೆ ಗಾಯ ಕಾಣುತ್ತದೆ. ಬಲಮೊಣಕೈ ಎಂದು ಅಚ್ಚಾಗಿತ್ತು. ನಾನು ಎಡ ಎಂದು ತಿದ್ದಿದೆ. ತಿದ್ದಿದ ಮೇಲೆ ಲೇಖನಿ ಕೆಳಗಿಟ್ಟೆ. ನೀನು ಇದನ್ನು ಓದಿದ ಕ್ಷಣವೇ ಗುರುತು ಹಿಡಿಯುತ್ತೀಯ ಎಂದು ಆಗ ಹೊಳೆಯಿತು.

ಮೊನ್ನೆ ಭಾನುವಾರ ತೆವ್ನೋನ ಮನೆಗೆ ಹೋದೆ. ಕೆಟ್ಟವನಲ್ಲ, ತಾನೇ ಕಾಫಿ ಬಗ್ಗಿಸಿಕೊಟ್ಟ. ಅವಳನ್ನು ಬದುಕಿಸಿ ಎಂದೆ. ನಿಜವಲ್ಲದ್ದನ್ನು ಒಂದು ಸಾಲೂ ಬರೆಯುವುದಿಲ್ಲ ಎಂದ.

“ಕೈಗವಸು ಹೊಲ್ಕೊಂಡು ಮುದುಕಿ ಆದ್ಲು ಅಂದ್ರೆ ಯಾರು ನಂಬ್ತಾರೆ ಯಜಮಾನ್ರೇ? ಓದೋರಿಗೆ ಕನಿಕರ ಹುಟ್ಟಬೇಕಾದ್ರೆ ಅವಳು ಸಾಯ್ಲೇಬೇಕು.”

“ಇಪ್ಪತ್ತೆರಡು ವರ್ಷ ನನ್ನ ಪಕ್ಕದಲ್ಲಿ ಗೊರಕೆ ಹೊಡೆದ್ಲು ಸ್ವಾಮಿ,” ಎಂದೆ. “ನಾನು ನಂಬ್ತೀನಿ.”

ಗಾಯವನ್ನಾದರೂ ತೆಗೆಯಿರಿ ಎಂದು ಬೇಡಿಕೊಂಡೆ. ಇಡೀ ಅಧ್ಯಾಯ ನಿಂತಿರುವುದೇ ಅದರ ಮೇಲೆ ಎಂದ. ಪ್ರೆಸ್ಸಿಗೆ ಬಂದು ನಾನೇ ಒಂದು ಗೀಟು ಎಳೆದಿದ್ದರೆ ಸಾಕಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಳೆಯಲಿಲ್ಲ. ಬರೆದವರ ಮಾತನ್ನು ನಾನು ಈವರೆಗೆ ಅಳಿಸಿಲ್ಲ ಎಂಬುದು ಒಂದು ಕಾರಣ. ಆ ಕಂತಿನಲ್ಲಿ ಕಿತ್ತಳೆ ಸಿಪ್ಪೆ ಬಿಟ್ಟರೆ ಅಪೊಲಿನ್‌ಳದ್ದೆಂದು ಉಳಿದಿರುವುದು ಆ ಗಾಯ ಮಾತ್ರ. ಅದನ್ನೂ ಅಳಿಸಿ ಅವಳನ್ನು ಮುಚ್ಚಿಡಲು ನನ್ನಿಂದಾಗದು ಎಂಬುದು ಇನ್ನೊಂದು.

ಅವಳು ಧರ್ಮಾಸ್ಪತ್ರೆಯಲ್ಲಿ ಸಾಯಲಿಲ್ಲ. ನೀನೇ ಕೈ ಹಿಡಿದಿದ್ದೆ. ನನ್ನ ಬೂಟಿನ ಕೆಸರಿಗೆ ಬೈಯುತ್ತಲೇ ಕಣ್ಣು ಮುಚ್ಚಿದಳು. ಅಂಥವಳಿಗೆ ಬೇರೆ ದಾರಿ ಎಲ್ಲಿದೆ ಎಂಬ ನಿನ್ನ ಪ್ರಶ್ನೆಗೆ ಇದೇ ನನ್ನ ಉತ್ತರ.

ಬರುವ ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ. ಚರ್ಚಿನ ಪೂಜೆ ಮುಗಿಸಿ ನಿಮ್ಮ ಮನೆಯವರೆಲ್ಲ ಊಟಕ್ಕೆ ಕುಳಿತಾಗ, ಮೆಲಾನಿಗಾಗಿ ಅತ್ತ ನಿನ್ನ ಅತ್ತೆಯ ಎದುರಲ್ಲೇ, ಅವಳು ಯಾರೆಂದು ಹೇಳುತ್ತೇನೆ. ಗಾಸ್ತೋಂ ಏನೆನ್ನುತ್ತಾನೋ ಗೊತ್ತಿಲ್ಲ. ನಿನಗೆ ಬೇಡವೆನಿಸಿದರೆ ಸ್ಟೇಷನ್ನಿಗೆ ಬರಬೇಡ. ಮುಂದಿನ ರೈಲಿಗೇ ಪ್ಯಾರಿಸಿಗೆ ತಿರುಗಿ ಹೋಗುತ್ತೇನೆ, ಮುನಿಸಿಕೊಳ್ಳುವುದಿಲ್ಲ. ಆದರೆ ಬಾರದೆ ಇರುವುದಿಲ್ಲ.

ನಿನ್ನನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ದೇವರು ತಣ್ಣಗಿಟ್ಟಿರಲಿ. ಹೆಣ್ಣಾದರೆ ಅಪೊಲಿನ್ ಎಂದು ಹೆಸರಿಡು ಎಂದು ಕೇಳುವಷ್ಟು ಧೈರ್ಯ ನನಗಿಲ್ಲ, ಆದರೂ ಬರೆದುಬಿಟ್ಟೆ.

ನಿನ್ನ ಅಪ್ಪ,
ಆನ್ಸೆಲ್ಮ್ ಪ್ಲಾಶಾರ್

ಮರೆತ ಮಾತು: ಮರೆತದ್ದಲ್ಲ, ಬರೆಯಲಾರದೆ ಉಳಿಸಿಕೊಂಡದ್ದು. ನಿನ್ನ ಮದುವೆಯ ದಿನ ನಾನು ಹೇಳಿದಂತೆ ಅಮ್ಮನಿಗೆ ಜ್ವರವೇನೂ ಬಂದಿರಲಿಲ್ಲ. ಗಾಸ್ತೋಂನ ಚಿಕ್ಕಪ್ಪ ಪ್ರಾಯದಲ್ಲಿ ಪ್ಯಾರಿಸಿನಲ್ಲಿದ್ದವನು, ಅವಳ ಗುರುತು ಹಿಡಿದಾನು ಎಂದು ಹೆದರಿ ಬರಬೇಡ ಎಂದವನು ನಾನು. ಅಷ್ಟು ಹೊತ್ತಿಗೆ ಅವಳು ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಾಗಿತ್ತು. ಜಗಳವಾಡಲಿಲ್ಲ. ಟೋಪಿಯ ಸೂಜಿ ಬಿಚ್ಚುತ್ತಾ, “ಹುಡುಗಿ ಹೆಂಗ್ ಕಾಣ್ತಿದ್ಲು ಅಂತ ಬಂದು ಒಂದೂ ಬಿಡದೆ ಹೇಳ್ಬೇಕು ನೀವು,” ಎಂದಳು. ಬಂದು ಹೇಳಿದೆ. ಎರಡು ಸಲ ಹೇಳಿಸಿಕೊಂಡಳು. ತೆವ್ನೋ ಅವಳನ್ನು ಕಥೆಯಲ್ಲಿ ಒಂಟಿಯಾಗಿ ಸಾಯಿಸಿದ ಎಂದು ನಾನು ಅವನ ಮನೆಯವರೆಗೆ ಹೋಗಿ ವಾದಿಸಿದೆನಲ್ಲ, ಇದನ್ನು ಮಾತ್ರ ಅವನಿಗೆ ಹೇಳಿರಲಿಲ್ಲ. ಭಾನುವಾರ ಮೇಜಿನ ಮುಂದೆ ಇದನ್ನೂ ಹೇಳುವವನಿದ್ದೇನೆ. ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿವೆ, ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ.